ಪರವೂರಿನವರ ಪರವಾಗಿ ನಿಲ್ಲುವವರು ಯಾರು?

(ಜಾಲಹಳ್ಳಿಯಲ್ಲಿ ನಡೆದ ವಿದ್ಯಾರ್ಥಿ ಪುರಸ್ಕಾರ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಇಂದು ಈ ವೇದಿಕೆಯಲ್ಲಿ ಪುರಸ್ಕಾರ ಪಡೆದ ಮಕ್ಕಳನ್ನು ಕಂಡು ನಮ್ಮ ಹೃದಯ ತುಂಬಿದೆ. ಎಸೆಸೆಲ್ಸಿಯಲ್ಲಿಯೂ ಪಿಯುಸಿಯಲ್ಲಿಯೂ ಉತ್ತಮ ಅಂಕ ಗಳಿಸಿದವರು ಇಲ್ಲಿದ್ದಾರೆ. ಮುಂದೇನು ಓದುವಿರಿ ಎಂದು ಸಂಘಟಕರು ಒಬ್ಬೊಬ್ಬರನ್ನೂ ಕೇಳಿದರು. ಇಂಜಿನಿಯರಿಂಗ್, ಮೆಡಿಕಲ್, ಕಾಮರ್ಸ್ ಎಂಬ ಉತ್ತರಗಳು ಬಂದವು. ಕಾನೂನು ಎಂದವರು ಒಬ್ಬರೂ ಇಲ್ಲ. ಆದ್ದರಿಂದ ಇಂದಿನ ಪಟ್ಟಿಯಲ್ಲಿ ಹೆಸರಿಲ್ಲದ ಒಬ್ಬ ವಿದ್ಯಾರ್ಥಿನಿಯ ಬಗ್ಗೆ ನಾವು ಮಾತನಾಡಬಯಸುತ್ತೇವೆ. ಆಕೆ ಬೆಂಗಳೂರಿನ ಒಂದು ಸಾಮಾನ್ಯ ಕಾಲೇಜಿನಲ್ಲಿ ಐದು ವರ್ಷಗಳ ಕಾನೂನು ಪದವಿಯ ನಾಲ್ಕನೆಯ ವರ್ಷದಲ್ಲಿ ಓದುತ್ತಿದ್ದಾಳೆ. ತನ್ನ ಹೆಸರು ಹೇಳಬಾರದೆಂದು ಕೇಳಿಕೊಂಡಿದ್ದಾಳೆ. ಅದಕ್ಕೆ ಕಾರಣವೇನೆಂಬುದು ಮುಂದೆ ತಮಗೆ ತಿಳಿಯುತ್ತದೆ.

ಆಕೆಯ ತಂದೆ ಬಿಹಾರದ ಕಟಿಹಾರ್ ಜಿಲ್ಲೆಯವರು. ಮದುವೆಯಾದ ಹೊಸತರಲ್ಲಿ ಪೀಣ್ಯಕ್ಕೆ ಬಂದು ಪವರ್ ಪ್ರೆಸ್ ಶೆಡ್ಡಿನಲ್ಲಿ ಹೆಲ್ಪರ್ ಆಗಿ ಸೇರಿದವರು, ಇಂದು ಅದೇ ಕೈಗಾರಿಕಾ ಪ್ರದೇಶದಲ್ಲಿ ಆಪರೇಟರ್ ಆಗಿದ್ದಾರೆ. ತಾಯಿ ಮನೆಯಲ್ಲಿಯೇ ಹೊಲಿಗೆ ಕೆಲಸ ಮಾಡುತ್ತಾರೆ. ಮಗಳು ಹುಟ್ಟಿದ್ದು ಇಲ್ಲಿ, ಓದಿದ್ದು ಕನ್ನಡ ಮಾಧ್ಯಮದ ಸರಕಾರಿ ಶಾಲೆಯಲ್ಲಿ. ಮನೆಯೊಳಗೆ ಆಕೆಯದು ಬಿಹಾರದ ಭಾಷೆ, ಬೀದಿಯಲ್ಲಿ ದಖನಿ, ಶಾಲೆಯಲ್ಲಿ ಕನ್ನಡ. ಈ ಮೂರೂ ಭಾಷೆಗಳು ಮುಂದೆ ಎಷ್ಟೋ ಜನರಿಗೆ ಉಪಯೋಗಕ್ಕೆ ಬರಲಿವೆಯೆಂದು ಆಗ ಯಾರಿಗೂ ತಿಳಿದಿರಲಿಲ್ಲ.

ಸಹೋದರರೇ, 2020ರ ಮೇ ತಿಂಗಳನ್ನು ನೆನಪಿಸಿಕೊಳ್ಳಿ. ಲಾಕ್‌ಡೌನ್‌ನಿಂದ ಶೆಡ್ಡುಗಳೆಲ್ಲ ಮುಚ್ಚಿದ್ದವು. ಕೂಲಿ ನಿಂತಿತ್ತು, ಬಾಡಿಗೆ ನಿಂತಿರಲಿಲ್ಲ. ನಮ್ಮ ಪಕ್ಕದ ಚಿಕ್ಕಬಾಣಾವರ ರೈಲು ನಿಲ್ದಾಣದಿಂದ ಶ್ರಮಿಕ ರೈಲುಗಳು ಹೊರಡತೊಡಗಿದಾಗ ತುಮಕೂರು ರಸ್ತೆಯುದ್ದಕ್ಕೂ ಗಂಟುಮೂಟೆ ಹೊತ್ತ ಜನ ನಡೆದು ಬಂದರು. ಅಷ್ಟರಲ್ಲಿ ಮೇ 5ರಂದು ಆಗಿನ ಮುಖ್ಯಮಂತ್ರಿಗಳು ಕಟ್ಟಡ ನಿರ್ಮಾಣೋದ್ಯಮಿಗಳ ಜೊತೆ ಸಭೆ ನಡೆಸಿದರು. ಆ ಬಳಿಕ ರೈಲುಗಳು ಬೇಡವೆಂದು ರಾಜ್ಯ ಸರಕಾರ ರೈಲ್ವೆಗೆ ಪತ್ರ ಬರೆಯಿತು. ಕೆಲಸಗಾರರು ಹೊರಟುಹೋದರೆ ಕಟ್ಟಡ ಕಟ್ಟುವವರು ಯಾರು ಎಂಬುದು ಚಿಂತೆಯಾಗಿತ್ತು. ದೇಶದಾದ್ಯಂತ ಟೀಕೆ ಬಂದ ಮೇಲೆ ಕೆಲವೇ ದಿನಗಳಲ್ಲಿ ರೈಲುಗಳು ಮತ್ತೆ ಹೊರಟವು. ಪ್ರಯಾಣದರ ಕೊಡಲಾಗದ ಕಾರಣಕ್ಕೆ ಬಡ ಕಾರ್ಮಿಕನು ಊರು ಸೇರದೆ ಉಳಿಯಬಾರದೆಂದು ರಾಜ್ಯದ ಹೈಕೋರ್ಟ್ ಸರಕಾರಕ್ಕೆ ಹೇಳಬೇಕಾಯಿತು.

ಊರಿಗೆ ಹೋಗಬೇಕೆನ್ನುವವರು ಸೇವಾ ಸಿಂಧು ಎಂಬ ಸರಕಾರಿ ತಾಣದಲ್ಲಿ ಹೆಸರು ನೋಂದಾಯಿಸಬೇಕಿತ್ತು. ಆ ವಠಾರದ ಹೆಚ್ಚಿನವರಿಗೆ ಕನ್ನಡವೂ ಬಾರದು, ಇಂಗ್ಲಿಷೂ ಬಾರದು. ಎಸೆಸೆಲ್ಸಿ ಪರೀಕ್ಷೆ ಮುಂದೂಡಲ್ಪಟ್ಟು ಮನೆಯಲ್ಲಿ ಕುಳಿತಿದ್ದ ಆ ಹುಡುಗಿ ತಂದೆಯ ಮೊಬೈಲ್ ಹಿಡಿದು ನೆರೆಹೊರೆಯವರ ಅರ್ಜಿಗಳನ್ನು ತುಂಬತೊಡಗಿದಳು. ಹೆಸರು, ತಂದೆಯ ಹೆಸರು, ಜಿಲ್ಲೆ, ಆಧಾರ್ ಸಂಖ್ಯೆ. ಮೊದಲ ದಿನ ಮೂವರು ಬಂದರು. ಮೂರನೆಯ ದಿನ ಮೆಟ್ಟಿಲಿನ ತನಕ ಸಾಲು ನಿಂತಿತ್ತು. "ಅಂದು ಒಂದು ವಿಷಯ ನನಗೆ ಅರ್ಥವಾಯಿತು. ರೈಲು ಇತ್ತು, ಜನ ಇದ್ದರು, ನಡುವೆ ಇದ್ದದ್ದು ಒಂದು ಅರ್ಜಿ ಮಾತ್ರ" ಎಂದು ಆಕೆ ನಮ್ಮೊಡನೆ ಹೇಳಿದಳು. ಕಾನೂನು ಓದಬೇಕೆಂಬ ಆಸೆ ಹುಟ್ಟಿದ್ದು ಆ ಮೆಟ್ಟಿಲಿನ ಮೇಲೆ.

ತಂದೆ ಒಪ್ಪಲಿಲ್ಲ. ಮಗಳು ಓದುವುದಕ್ಕೆ ಅವರ ವಿರೋಧವಿರಲಿಲ್ಲ, ಅವರಿಗಿದ್ದದ್ದು ಭಯ. "ಬೇಟಿ, ನಾವು ಹೊರಗಿನವರು. ತಲೆ ತಗ್ಗಿಸಿ ದುಡಿಯಬೇಕು, ತಲೆ ತಗ್ಗಿಸಿ ಮನೆಗೆ ಬರಬೇಕು. ಕೋರ್ಟು ಕಚೇರಿಯೆಂದು ಓಡಾಡಿದರೆ ನಾಲ್ಕು ಜನರ ಕಣ್ಣಿಗೆ ಬೀಳುತ್ತೇವೆ" ಎಂದರು. ಆ ತಂದೆಯನ್ನು ಹೇಡಿಯೆಂದು ಕರೆಯುವ ಹಕ್ಕು ನಮಗಿಲ್ಲ. ಅದೇ ವರ್ಷದ ಜನವರಿಯಲ್ಲಿ ನಗರದ ಇನ್ನೊಂದು ತುದಿಯ ಕರಿಯಮ್ಮನ ಅಗ್ರಹಾರದಲ್ಲಿ ನಡೆದದ್ದನ್ನು ಅವರು ಮೊಬೈಲ್‌ನಲ್ಲಿ ಕಂಡಿದ್ದರು. ಅಲ್ಲಿರುವವರು ಬಾಂಗ್ಲಾದೇಶೀಯರೆಂದು ವೀಡಿಯೊ ಹರಡಿತು. ಜೆಸಿಬಿ ಬಂತು. ಗುಡಿಸಲುಗಳು ನೆಲಸಮವಾದವು. ಬೀದಿಗೆ ಬಿದ್ದವರು ಆಧಾರ್ ಕಾರ್ಡನ್ನೂ ಮತದಾರರ ಚೀಟಿಯನ್ನೂ ಕೈಯಲ್ಲಿ ಹಿಡಿದು ನಿಂತಿದ್ದರು. ಅವರಲ್ಲಿ ಅಸ್ಸಾಂ, ತ್ರಿಪುರಾ, ಪಶ್ಚಿಮ ಬಂಗಾಳದವರಿದ್ದರು. ನಮ್ಮದೇ ಉತ್ತರ ಕರ್ನಾಟಕದ ಕನ್ನಡಿಗರೂ ಇದ್ದರು. ಸಂಶಯಕ್ಕೆ ಕಣ್ಣಿಲ್ಲ, ಅದು ರಾಯಚೂರಿನವನನ್ನೂ ಢಾಕಾದವನೆಂದೇ ಕಾಣುತ್ತದೆ.

ಆದರೆ ಆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಪಿಯುಸಿಎಲ್ ಸಂಘಟನೆ ಹೈಕೋರ್ಟಿನ ಮೆಟ್ಟಿಲೇರಿತು. ಆಗಿನ ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ಅವರ ಪೀಠ ತೆರವಿಗೆ ತಡೆ ನೀಡಿತು. ಜನರನ್ನು ಎಬ್ಬಿಸುವ ಅಧಿಕಾರ ಪೊಲೀಸರಿಗೆ ಯಾವ ಕಾನೂನಿನಿಂದ ಬಂತೆಂದು ಪ್ರಶ್ನಿಸಿತು. ಜೆಸಿಬಿಯ ವೀಡಿಯೊವನ್ನು ಲಕ್ಷಾಂತರ ಮಂದಿ ನೋಡಿದರು. ಕೋರ್ಟಿನ ಆದೇಶವನ್ನು ಓದಿದವರು ನಮ್ಮಲ್ಲಿ ಎಷ್ಟು ಮಂದಿ? ಭಯ ಹುಟ್ಟಿಸುವ ಸುದ್ದಿ ಪ್ರತಿ ಮನೆಗೆ ತಲುಪುತ್ತದೆ, ಧೈರ್ಯ ಕೊಡುವ ಸುದ್ದಿ ವಕೀಲರ ಕಡತದಲ್ಲಿಯೇ ಉಳಿಯುತ್ತದೆ. ಅದನ್ನು ಮನೆಗೆ ತರುವವರು ಬೇಕು. ಆ ಹುಡುಗಿ ತಂದೆಯ ಮುಂದೆ ಕುಳಿತು ಆ ಆದೇಶದ ಸಾರವನ್ನು ಅವರ ಭಾಷೆಯಲ್ಲಿ ವಿವರಿಸಿದಳು. ತಂದೆ ಬಹಳ ಹೊತ್ತು ಸುಮ್ಮನಿದ್ದು ಕೊನೆಗೆ "ಫೀಸು ಎಷ್ಟು?" ಎಂದರಂತೆ.

ಮದ್ರಸಾದಲ್ಲಿ ನಾವು ಓದಿದ ಒಂದು ಪ್ರಸಂಗ ಇಲ್ಲಿ ನೆನಪಾಗುತ್ತದೆ. ತಮಗೆಲ್ಲ ತಿಳಿದಿರುವುದೇ. ಮಕ್ಕಾದ ಹಿಂಸೆ ತಾಳಲಾರದೆ ಮುಸ್ಲಿಮರ ಒಂದು ಗುಂಪು ಸಮುದ್ರ ದಾಟಿ ಅಬಿಸೀನಿಯಾಕ್ಕೆ ಹೋಯಿತು. ಕುರೈಶರು ಬೆಲೆಬಾಳುವ ಕಾಣಿಕೆಗಳೊಂದಿಗೆ ದೂತರನ್ನು ಅಟ್ಟಿದರು. ಇವರು ನಮ್ಮ ಓಡಿಹೋದ ಜನ, ಇವರ ಮಾತು ಕೇಳುವ ಅಗತ್ಯವಿಲ್ಲ, ನಮಗೊಪ್ಪಿಸಿ ಎಂಬುದು ಅವರ ಬೇಡಿಕೆ. ಕ್ರೈಸ್ತ ದೊರೆ ನಜ್ಜಾಶಿಯು ಅವರ ಮಾತನ್ನು ಕೇಳದೆ ಒಪ್ಪಿಸಲು ನಿರಾಕರಿಸಿದನು. ಆಗ ಎದ್ದು ನಿಂತು ಮಾತನಾಡಿದವರು ಹಝ್ರತ್ ಜಅ್ಫರ್(ರ). ಅವರು ಹೊರಗಿನಿಂದ ಕರೆತಂದ ವಕೀಲರಾಗಿರಲಿಲ್ಲ. ಅವರೂ ವಲಸೆ ಬಂದವರು, ಅವರ ಪತ್ನಿಯೂ ಅದೇ ಗುಂಪಿನಲ್ಲಿದ್ದರು. ಒಪ್ಪಿಸಲ್ಪಟ್ಟರೆ ಮೊದಲು ಬೇಡಿ ಬೀಳುತ್ತಿದ್ದುದು ಅವರ ಕಾಲಿಗೇ. ನಾವು ಈ ಪ್ರಸಂಗವನ್ನು ಈಮಾನಿನ ದೃಢತೆಗೆ ಉದಾಹರಣೆಯಾಗಿ ಹೇಳುತ್ತಾ ಬಂದಿದ್ದೇವೆ. ಕೇಳದೆ ಶಿಕ್ಷಿಸಬಾರದೆಂದ ದೊರೆಯ ನ್ಯಾಯ, ತನ್ನವರ ಪರ ಅರಿತು ಮಾತನಾಡಿದ ಯುವಕನ ಸಾಮರ್ಥ್ಯ, ಇವೆರಡೂ ಅದರಲ್ಲಿವೆ ಎಂಬುದನ್ನು ಮಕ್ಕಳಿಗೆ ಹೇಳಿದ್ದೇವೆಯೇ?

ಪ್ರವಾದಿತ್ವಕ್ಕೂ ಮೊದಲು ಪ್ರವಾದಿ(ಸ) ಭಾಗವಹಿಸಿದ್ದ ಹಿಲ್ಫುಲ್ ಫುಝೂಲ್ ಒಪ್ಪಂದ ಹುಟ್ಟಿದ್ದೂ ಒಬ್ಬ ಪರವೂರಿನವನ ದೂರಿನಿಂದಲೇ. ಯಮನ್ ಕಡೆಯ ವ್ಯಾಪಾರಿಯೊಬ್ಬನ ಸರಕನ್ನು ಮಕ್ಕಾದ ಪ್ರತಿಷ್ಠಿತನೊಬ್ಬ ಪಡೆದು ಹಣ ಕೊಡಲಿಲ್ಲ. ಅವನಿಗೆ ಅಲ್ಲಿ ಗೋತ್ರವಿರಲಿಲ್ಲ, ಬಂಧುಗಳಿರಲಿಲ್ಲ. ಆಗ ಕೆಲವು ಸಜ್ಜನರು ಸೇರಿ, ಅನ್ಯಾಯಕ್ಕೊಳಗಾದವನು ಊರಿನವನಾಗಿರಲಿ ಹೊರಗಿನವನಾಗಿರಲಿ ಅವನ ಹಕ್ಕನ್ನು ಕೊಡಿಸುವೆವೆಂದು ಪ್ರತಿಜ್ಞೆ ಮಾಡಿದರು. ಇಂದಿಗೂ ಅಂತಹ ಕರೆ ಬಂದರೆ ಹೋಗುವೆನೆಂಬ ಅರ್ಥದಲ್ಲಿ ಪ್ರವಾದಿ(ಸ) ಮುಂದೆ ಅದನ್ನು ಸ್ಮರಿಸಿದರು.

ಇನ್ನು ಪೀಣ್ಯಕ್ಕೆ ಬರೋಣ. ಆರೇಳು ಮಂದಿ ದುಡಿಯುವ ಒಂದು ಸಣ್ಣ ಶೆಡ್. ಕಟಿಹಾರ್ ಕಡೆಯ ಇಪ್ಪತ್ತು ವರ್ಷದ ಹುಡುಗ. 2023ರ ಮಳೆಗಾಲದಲ್ಲಿ ಪವರ್ ಪ್ರೆಸ್ಸಿಗೆ ಸಿಕ್ಕಿ ಅವನ ಬಲಗೈಯ ಎರಡು ಬೆರಳುಗಳು ಹೋದವು. ಆಸ್ಪತ್ರೆಯ ಬಿಲ್ಲನ್ನು ಶೆಡ್ಡಿನವರು ಕಟ್ಟಿದರು. ಆಮೇಲೆ ಕಂಟ್ರಾಕ್ಟರ್ 5,000 ರೂಪಾಯಿ ಮತ್ತು ಒಂದು ರೈಲು ಟಿಕೆಟ್ ಕೈಗಿತ್ತು ಊರಿಗೆ ಕಳುಹಿಸಿದ. ಊರಿನಲ್ಲಿ ಆ ಕೈಗೆ ಕೆಲಸವಿರಲಿಲ್ಲ. ಮತ್ತೆ ಬಂದ. ಈಗ ಗೋದಾಮೊಂದರಲ್ಲಿ ಮೂಟೆ ಎಣಿಸುತ್ತಾನೆ. 2025ರಲ್ಲಿ ಯಾರದೋ ಮನೆಯಲ್ಲಿ ಆ ಹುಡುಗಿ ಅವನನ್ನು ಕಂಡಳು. ಅಯ್ಯೋ ಪಾಪ ಎಂದು ಎಲ್ಲರೂ ಹೇಳಿದ್ದರು. ಆಕೆ ಕೇಳಿದ್ದು ಬೇರೆ: "ಯಾವ ತಾರೀಕು? ಆಸ್ಪತ್ರೆಯ ಚೀಟಿ ಎಲ್ಲಿದೆ?"

ತಾರೀಕು ಕೇಳಿದ್ದೇಕೆ? ಆಗ ಜಾರಿಯಲ್ಲಿದ್ದ 1923ರ ಪರಿಹಾರ ಕಾಯಿದೆಯಂತೆ ಅಪಘಾತವಾದ ಎರಡು ವರ್ಷಗಳೊಳಗೆ ಅರ್ಜಿ ಹಾಕಬೇಕಿತ್ತು. ಲೆಕ್ಕ ಹಾಕಿದರೆ 19 ದಿನಗಳು ಉಳಿದಿದ್ದವು. ಆ ಕಾಯಿದೆಯ ಜೊತೆಗಿನ ಪಟ್ಟಿಯಲ್ಲಿ ಬೆರಳುಗಳ ಲೆಕ್ಕವಿದೆ. ಒಂದು ಕೈಯ ಎರಡು ಬೆರಳು ಹೋದರೆ ದುಡಿಮೆಯ ಶಕ್ತಿಯಲ್ಲಿ ಶೇಕಡ 20ರಷ್ಟು ನಷ್ಟ. ಅವನ ಸಂಬಳ ತಿಂಗಳಿಗೆ 12,000. ಅದರ ಶೇಕಡ 60 ಎಂದರೆ 7,200. ಇಪ್ಪತ್ತು ವರ್ಷದವನಿಗೆ ಕಾಯಿದೆ ನಿಗದಿಪಡಿಸಿದ ಅಂಕ 224. ಎರಡನ್ನೂ ಗುಣಿಸಿ ಶೇಕಡ 20 ತೆಗೆದರೆ 3,22,560 ರೂಪಾಯಿ. ಕೈಗೆ ಬಂದದ್ದು ಐದು ಸಾವಿರ. ಸಹೋದರರೇ, ಫಿಕ್ಹ್ ಗ್ರಂಥಗಳಲ್ಲಿ ಒಂದು ಬೆರಳಿಗೆ ಹತ್ತು ಒಂಟೆ ದಿಯತ್ ಎಂದು ನಾವು ಕಂಠಪಾಠ ಮಾಡಿ ಪರೀಕ್ಷೆ ಬರೆದವರು. ನಮ್ಮ ಮಸೀದಿಯಿಂದ ಕೂಗಳತೆಯಲ್ಲಿರುವ ಶೆಡ್ಡಿನಲ್ಲಿ ಹೋದ ಬೆರಳಿಗೆ ಈ ದೇಶದ ಕಾನೂನಿನಲ್ಲಿಯೂ ಬೆಲೆಯಿದೆಯೆಂದು ನಮಗೆ ತಿಳಿದಿರಲಿಲ್ಲ. ಆ ಹುಡುಗಿ ಕಾಗದದ ಮೇಲೆ ಲೆಕ್ಕ ಬರೆದು ತೋರಿಸಿದ ದಿನ ನಾವು ನಾಚಿದೆವು.

ಕಾನೂನು ವಿದ್ಯಾರ್ಥಿ ಕೋರ್ಟಿನಲ್ಲಿ ವಾದಿಸುವಂತಿಲ್ಲ. ಆದರೆ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರೆಕಾಲಿಕ ಸ್ವಯಂಸೇವಕರಾಗಿ ಕೆಲಸ ಮಾಡಬಹುದು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಂತೆ ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ, ಬಂಧನದಲ್ಲಿರುವವರಿಗೆ, ಕೈಗಾರಿಕಾ ಕಾರ್ಮಿಕರಿಗೆ ವಕೀಲರು ಉಚಿತವಾಗಿ ದೊರೆಯುತ್ತಾರೆ. 15100 ಎಂಬ ಸಂಖ್ಯೆಗೆ ಕರೆ ಮಾಡಿದರೆ ಸಾಕು. ಆಕೆ ಹುಡುಗನನ್ನು ಜಿಲ್ಲಾ ಪ್ರಾಧಿಕಾರಕ್ಕೆ ಕರೆದೊಯ್ದಳು. ಇವನು ನಮ್ಮಲ್ಲಿ ದುಡಿದೇ ಇಲ್ಲವೆಂದು ಶೆಡ್ಡಿನವರು ಹೇಳಿದರು. ಹಾಜರಿ ಪುಸ್ತಕವಿಲ್ಲ, ಸಂಬಳದ ಚೀಟಿಯಿಲ್ಲ. ಆದರೆ ಆಸ್ಪತ್ರೆಯ ಬಿಡುಗಡೆ ಪತ್ರದಲ್ಲಿ ಗಾಯವಾದದ್ದು ಪ್ರೆಸ್ ಯಂತ್ರದಿಂದ ಎಂದು ಬರೆದಿತ್ತು. ರೋಗಿಯನ್ನು ಕರೆತಂದವರ ಸ್ಥಳದಲ್ಲಿ ಶೆಡ್ ಮಾಲೀಕರದೇ ಮೊಬೈಲ್ ಸಂಖ್ಯೆಯಿತ್ತು. ಆ ಒಂದು ಹಾಳೆಯನ್ನು ಹುಡುಗ ಬಟ್ಟೆಯ ಗಂಟಿನಲ್ಲಿ ಎರಡು ವರ್ಷ ಇಟ್ಟುಕೊಂಡಿದ್ದ, ಏಕೆಂದು ಅವನಿಗೇ ಗೊತ್ತಿರಲಿಲ್ಲ.

ಅವಧಿ ಮುಗಿಯುವ ಮೊದಲು ಅರ್ಜಿ ಸಲ್ಲಿಕೆಯಾಯಿತು. ಪ್ರಕರಣ ಇನ್ನೂ ನಡೆಯುತ್ತಿದೆ, ಫಲಿತಾಂಶವನ್ನು ಅಲ್ಲಾಹನೇ ಬಲ್ಲ. ಈ ನಡುವೆ ಒಂದು ಸಂಜೆ ಇಬ್ಬರು ಆಕೆಯ ಮನೆಗೆ ಬಂದು ತಂದೆಯೊಡನೆ ಬಹಳ ಮೆತ್ತಗೆ ಮಾತನಾಡಿದರು. "ಮಗಳಿಗೆ ಸ್ವಲ್ಪ ಬುದ್ಧಿ ಹೇಳಿ. ಇಲ್ಲವಾದರೆ ನಿಮ್ಮ ಕಾಗದಪತ್ರಗಳನ್ನೂ ಯಾರಾದರೂ ಪರಿಶೀಲಿಸಬೇಕಾದೀತು" ಎಂದರು. ಇಪ್ಪತ್ತೈದು ವರ್ಷಗಳ ಬೆವರು, ಇಲ್ಲಿ ಹುಟ್ಟಿದ ಮಕ್ಕಳು, ಎಲ್ಲವನ್ನೂ ಒಂದು ಮಾತಿನಲ್ಲಿ ತಕ್ಕಡಿಗೆ ಹಾಕಿದರು. ಆಕೆಯ ಹೆಸರನ್ನು ನಾವು ಹೇಳದಿರುವುದು ಇದಕ್ಕಾಗಿ.

ದಕ್ಷಿಣ ಆಫ್ರಿಕಾದಲ್ಲಿ ಒಬ್ಬ ತರುಣ ಬ್ಯಾರಿಸ್ಟರ್ ಮಾಡಿದ್ದೂ ಇಂತಹದೇ ಕೆಲಸ. 1893ರಲ್ಲಿ ಗಾಂಧೀಜಿಯನ್ನು ಅಲ್ಲಿಗೆ ಕರೆಸಿಕೊಂಡವರು ದಾದಾ ಅಬ್ದುಲ್ಲಾ ಎಂಬ ಗುಜರಾತಿ ಮುಸ್ಲಿಮ್ ವ್ಯಾಪಾರಿಯ ಸಂಸ್ಥೆಯವರು. ಮರುವರ್ಷ ಬಾಲಸುಂದರಂ ಎಂಬ ತಮಿಳು ಕರಾರು ಕೂಲಿ ಧಣಿಯಿಂದ ಹಲ್ಲು ಮುರಿಯುವಂತೆ ಏಟು ತಿಂದು, ತಲೆಯ ರುಮಾಲನ್ನು ಕೈಯಲ್ಲಿ ಹಿಡಿದು ಅವರೆದುರು ನಿಂತ. ಗಾಂಧೀಜಿ ಮೊದಲು ಮಾಡಿದ್ದು ಅವನನ್ನು ವೈದ್ಯರ ಬಳಿಗೆ ಕಳುಹಿಸಿ ಗಾಯದ ಪ್ರಮಾಣಪತ್ರ ಪಡೆದದ್ದು. ಆಮೇಲೆ ಮ್ಯಾಜಿಸ್ಟ್ರೇಟರ ಬಳಿಗೆ ಹೋದರು. ಕೊನೆಗೆ ಅವನ ಕರಾರನ್ನು ಬೇರೊಬ್ಬ ಧಣಿಗೆ ವರ್ಗಾಯಿಸಿ ಬಿಡಿಸಿದರು. ಆ ಸುದ್ದಿ ಕೇಳಿ ಕೂಲಿಗಳು ಅವರ ಕಚೇರಿಗೆ ಬರತೊಡಗಿದರು. ಸತ್ಯಾಗ್ರಹದ ಮಾತು ಬಂದದ್ದು ಹತ್ತಾರು ವರ್ಷಗಳ ಬಳಿಕ, ವೈದ್ಯರ ಚೀಟಿ ಮೊದಲೇ ಬಂದಿತ್ತು.

ಕಾನೂನು ಬದಲಾಗುತ್ತಲೂ ಇದೆ. ಅಂತರರಾಜ್ಯ ವಲಸೆ ಕಾರ್ಮಿಕರಿಗೆಂದೇ 1979ರಲ್ಲಿ ಒಂದು ಕಾಯಿದೆ ಬಂದಿತ್ತು. ಕಂಟ್ರಾಕ್ಟರನು ಕರೆತಂದ ಕಾರ್ಮಿಕನಿಗೆ ತಿಂಗಳ ಸಂಬಳದ ಅರ್ಧದಷ್ಟು ಸ್ಥಳಾಂತರ ಭತ್ಯೆ, ಪ್ರಯಾಣ ಭತ್ಯೆ, ವಸತಿ ಕೊಡಬೇಕೆಂದು ಅದು ಹೇಳುತ್ತಿತ್ತು. ನಾಲ್ಕು ದಶಕಗಳಲ್ಲಿ ಪೀಣ್ಯದಲ್ಲಿ ಆ ಭತ್ಯೆ ಪಡೆದ ಒಬ್ಬನನ್ನೂ ನಾವು ಕಂಡಿಲ್ಲ. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು, ಆ ಕಾಯಿದೆಯೂ ಪರಿಹಾರ ಕಾಯಿದೆಯೂ ಅವುಗಳಲ್ಲಿ ಲೀನವಾದವು. ಹೊಸ ಸಂಹಿತೆಯಲ್ಲಿ ಒಂದು ಲಾಭವಿದೆ: ಕಂಟ್ರಾಕ್ಟರನಿಲ್ಲದೆ ತಾನಾಗಿಯೇ ಬಂದು ಕೆಲಸ ಹಿಡಿದವನೂ ತಿಂಗಳಿಗೆ 18,000 ರೂಪಾಯಿ ಮೀರದ ಸಂಬಳದವನಾದರೆ ವಲಸೆ ಕಾರ್ಮಿಕನೆನಿಸುತ್ತಾನೆ. ನಷ್ಟವೂ ಇದೆ: ಸ್ಥಳಾಂತರ ಭತ್ಯೆ ಮಾಯವಾಗಿದೆ. ಐದು ಮಂದಿ ವಲಸಿಗರಿದ್ದಲ್ಲಿ ಅನ್ವಯಿಸುತ್ತಿದ್ದ ನಿಯಮಗಳು ಈಗ ಹತ್ತು ಮಂದಿ ಇದ್ದರೆ ಮಾತ್ರ ಅನ್ವಯಿಸುತ್ತವೆ. ಆರೇಳು ಮಂದಿಯ ಶೆಡ್ ಅದರಿಂದ ಹೊರಗೆ ಉಳಿಯಿತು. ಕೆಲಸದ ವೇಳೆಯಲ್ಲಾದ ಗಾಯಕ್ಕೆ ಪರಿಹಾರ ಕೇಳುವ ಹಕ್ಕು ಹೊಸ ವ್ಯವಸ್ಥೆಯಲ್ಲಿಯೂ ಉಳಿದಿದೆ. ಇದನ್ನೆಲ್ಲ ಓದಿ ವಠಾರದಲ್ಲಿ ತಿಳಿಸಿ ಹೇಳುವವರು ಯಾರು?

ಇಲ್ಲಿ ಕೆಲವರ ಮನಸ್ಸಿನಲ್ಲಿ ಏಳುವ ಪ್ರಶ್ನೆ ನಮಗೆ ಗೊತ್ತು. ಬರುವವರೆಲ್ಲರೂ ನಮ್ಮ ದೇಶದವರೇ ಎಂದು ಹೇಗೆ ಹೇಳುವುದು? ಪ್ರಶ್ನೆ ಸರಿಯಾದದ್ದೇ. ಭಾರತದ ಪ್ರಜೆಗೆ ದೇಶದ ಯಾವ ಭಾಗದಲ್ಲಿಯೂ ನೆಲೆಸುವ ಹಕ್ಕನ್ನು ಸಂವಿಧಾನದ 19ನೆಯ ವಿಧಿ ಕೊಟ್ಟಿದೆ. ಪರದೇಶದವನಿಗೆ ಆ ಹಕ್ಕಿಲ್ಲ. ಅವನನ್ನು ಗುರುತಿಸಿ ಕಾನೂನಿನಂತೆ ಹಿಂದೆ ಕಳುಹಿಸುವ ಅಧಿಕಾರ ಸರಕಾರಕ್ಕಿದೆ, ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಜೀವದ ಮತ್ತು ಸಮಾನತೆಯ ರಕ್ಷಣೆ ಪ್ರಜೆಯಲ್ಲದವನಿಗೂ ಇದೆ. 1996ರಲ್ಲಿ ಅರುಣಾಚಲದ ಚಕ್ಮಾ ಜನರ ಪ್ರಕರಣದಲ್ಲಿ ಸುಪ್ರೀಮ್ ಕೋರ್ಟ್ ಅವರ ಜೀವ ರಕ್ಷಣೆಯ ಹೊಣೆಯನ್ನು ಸರಕಾರದ ಮೇಲೆ ಹೊರಿಸಿತು. 2021ರಲ್ಲಿ ರೊಹಿಂಗ್ಯಾ ನಿರಾಶ್ರಿತರ ಪ್ರಕರಣದಲ್ಲಿ ಗಡೀಪಾರನ್ನು ತಡೆಯಲು ಒಪ್ಪದಿದ್ದರೂ, ಕ್ರಮಬದ್ಧ ವಿಧಾನವನ್ನು ಅನುಸರಿಸದೆ ಕಳುಹಿಸಬಾರದೆಂದಿತು. 2025ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ವಲಸೆ ಮತ್ತು ವಿದೇಶಿಯರ ಕಾಯಿದೆಯೂ ಹಳೆಯ ಕಾಯಿದೆಯಂತೆಯೇ, ತಾನು ವಿದೇಶಿಯಲ್ಲವೆಂದು ರುಜುವಾತುಪಡಿಸುವ ಹೊರೆಯನ್ನು ಆರೋಪಕ್ಕೊಳಗಾದವನ ಮೇಲೆಯೇ ಇಟ್ಟಿದೆ. ಅಂದಮೇಲೆ ಬಡವನಿಗೆ ಜನನ ಪ್ರಮಾಣಪತ್ರದಲ್ಲಿ ಹೆಸರಿನ ಒಂದಕ್ಷರ ತಪ್ಪಿದ್ದರೂ ಅದು ಸಣ್ಣ ವಿಷಯವಲ್ಲ. ತಂದೆಯ ಹೆಸರು ಒಂದು ಕಾಗದದಲ್ಲಿ ಶೇಖ್ ಎಂದೂ ಇನ್ನೊಂದರಲ್ಲಿ ಸೇಕ್ ಎಂದೂ ಇದ್ದರೆ ಅದನ್ನು ಇಂದೇ ಸರಿಪಡಿಸಬೇಕು, ಸಂಶಯ ಬಾಗಿಲಿಗೆ ಬಂದ ದಿನವಲ್ಲ.

ಇನ್ನು ನಮ್ಮ ಬಗ್ಗೆ ಒಂದು ಮಾತು. ಜಾಲಹಳ್ಳಿಯಲ್ಲಿ ಮೂಲ ನಿವಾಸಿಗಳು ಯಾರು? ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಟಲಿಯ ಯುದ್ಧಕೈದಿಗಳನ್ನು ಇಲ್ಲಿ ಇರಿಸಲಾಗಿತ್ತು. 1953ರಲ್ಲಿ ಎಚ್‌ಎಂಟಿ ಬಂತು. 1954ರಲ್ಲಿ ಬಿಇಎಲ್ ಬಂತು. 1970ರ ದಶಕದಲ್ಲಿ ಪೀಣ್ಯದ ಶೆಡ್ಡುಗಳು ಎದ್ದವು. ಅವುಗಳ ಹಿಂದೆಯೇ ಕೋಲಾರದಿಂದ, ತುಮಕೂರಿನಿಂದ, ಕಲಬುರಗಿಯಿಂದ, ವೆಲ್ಲೂರಿನಿಂದ, ಮಲಬಾರಿನಿಂದ ಜನ ಬಂದರು. ಇಲ್ಲಿ ಕುಳಿತಿರುವ ನಾವೂ ತಾವೂ ಬಹುಪಾಲು ಅವರ ಮಕ್ಕಳು, ಮೊಮ್ಮಕ್ಕಳು. ನಮ್ಮ ಎಷ್ಟೋ ಮನೆಗಳ ಗಂಡಸರು ಇಂದಿಗೂ ಕೊಲ್ಲಿ ದೇಶಗಳಲ್ಲಿ ಪರದೇಶಿಗಳು. ಕಫೀಲನು ಪಾಸ್‌ಪೋರ್ಟ್ ಕಿತ್ತಿಟ್ಟುಕೊಂಡನೆಂದು, ಸಂಬಳ ತಡೆಹಿಡಿದನೆಂದು ನಾವು ಕಣ್ಣೀರು ಹಾಕುತ್ತೇವೆ. ನಮ್ಮದೇ ಬಾಡಿಗೆ ಕೋಣೆಯಲ್ಲಿ ಎಂಟು ಮಂದಿ ಬಂಗಾಳದ ಹುಡುಗರನ್ನು ತುಂಬಿ ತಲೆಗಿಷ್ಟೆಂದು ಹಣ ಎಣಿಸುವಾಗ ಆ ಕಣ್ಣೀರು ಎಲ್ಲಿ ಹೋಗುತ್ತದೆ?

ತಪ್ಪೊಪ್ಪಿಗೆಯೊಂದು ಉಳಿದಿದೆ. ಕಳೆದ ವರ್ಷ ಆ ಹುಡುಗಿ ಮತ್ತು ಆಕೆಯ ಇಬ್ಬರು ಸಹಪಾಠಿಗಳು, ಅವರಲ್ಲೊಬ್ಬಳು ಹಿಂದೂ ಸಹೋದರಿ, ಒಂದು ಮೊಹಲ್ಲಾದ ಸಮಿತಿಯ ಮುಂದೆ ಬಂದರು. ಭಾನುವಾರ ಎರಡು ಗಂಟೆಯ ಕಾಲ ಮದ್ರಸಾದ ಒಂದು ಕೋಣೆ ಕೊಡಿ, ಕಾರ್ಮಿಕರ ಕಾಗದಪತ್ರಗಳನ್ನು ನೋಡಿ ಅರ್ಜಿ ಬರೆದುಕೊಡುತ್ತೇವೆ ಎಂದು ಕೇಳಿದರು. ಸಮಿತಿಯಲ್ಲಿ ಚರ್ಚೆಯಾಯಿತು. ಹೊರಗಿನವರೆಲ್ಲ ಬಂದು ಸೇರುತ್ತಾರೆ, ನಾಳೆ ಪೊಲೀಸರು ನಮ್ಮನ್ನು ಕೇಳುತ್ತಾರೆ ಎಂದರು ಒಬ್ಬರು. ಹೆಣ್ಣುಮಕ್ಕಳಿಗೆ ಏಕೆ ಈ ಉಸಾಬರಿ ಎಂದರು ಇನ್ನೊಬ್ಬರು. ಕೋಣೆ ಕೊಡಲಿಲ್ಲ. ನಾವೂ ಆ ಸಭೆಯಲ್ಲಿ ಅತಿಥಿಯಾಗಿ ಕುಳಿತಿದ್ದೆವು. ಜಅ್ಫರ್(ರ) ಅವರ ಪ್ರಸಂಗ ಅಂದೂ ನಮಗೆ ನೆನಪಿತ್ತು. ಆದರೂ ನಾವು ಬಾಯಿ ಬಿಡಲಿಲ್ಲ. ಆ ಹುಡುಗಿಯರು ಸಲಾಮ್ ಹೇಳಿ, ನಮಸ್ಕಾರ ಹೇಳಿ ಹೊರಟುಹೋದರು. ಇಂದಿಗೂ ಅವರು ಒಂದು ಚಹಾದಂಗಡಿಯ ಹಿಂದಿನ ಕಟ್ಟೆಯ ಮೇಲೆ ಕುಳಿತು ಅರ್ಜಿ ಬರೆಯುತ್ತಾರೆ. ಮಳೆ ಬಂದರೆ ಎದ್ದು ಹೋಗುತ್ತಾರೆ.

ವಕೀಲಿ ಎಂದರೆ ಸುಳ್ಳು ಹೇಳುವ ವೃತ್ತಿ ಎಂಬ ತಪ್ಪು ಕಲ್ಪನೆ ನಮ್ಮ ಮನೆಗಳಲ್ಲಿ ಬೇರೂರಿದೆ. ವೈದ್ಯ ವೃತ್ತಿಯಲ್ಲಿ ಮೋಸಗಾರರಿದ್ದಾರೆಂದು ನಾವು ಮಕ್ಕಳನ್ನು ಮೆಡಿಕಲ್‌ಗೆ ಕಳುಹಿಸದೆ ಇರುತ್ತೇವೆಯೇ? ಇಲ್ಲಿಂದ ಹೆಚ್ಚು ದೂರವಿಲ್ಲದ ನಾಗರಭಾವಿಯಲ್ಲಿ ರಾಷ್ಟ್ರೀಯ ಕಾನೂನು ಶಾಲೆಯಿದೆ. ಅಲ್ಲಿ ಕಲಿತ ಹಳೆಯ ವಿದ್ಯಾರ್ಥಿಗಳು 2020ರ ಮೇ 28ರಂದು, ದೇಣಿಗೆ ಸಂಗ್ರಹಿಸಿ, ಮುಂಬೈಯಲ್ಲಿ ಸಿಲುಕಿದ್ದ ಜಾರ್ಖಂಡಿನ ನೂರೈವತ್ತಕ್ಕೂ ಹೆಚ್ಚು ಕಾರ್ಮಿಕರನ್ನು ವಿಮಾನದಲ್ಲಿ ರಾಂಚಿಗೆ ಕಳುಹಿಸಿದರು. ಅದೇ ಶಾಲೆಯಲ್ಲಿ ಕಲಿತ ಕೇರಳದ ಶಮ್ನಾದ್ ಬಶೀರ್, ಬಡವರ ಮತ್ತು ಹಿಂದುಳಿದವರ ಮಕ್ಕಳನ್ನು ಇಂತಹ ಕಾಲೇಜುಗಳಿಗೆ ತಲುಪಿಸಲು 2010ರಲ್ಲಿ ಐಡಿಯಾ ಎಂಬ ಸಂಸ್ಥೆಯನ್ನು ಕಟ್ಟಿದರು. ಪ್ರವೇಶ ಪರೀಕ್ಷೆಗೆ ಮಕ್ಕಳನ್ನು ತಯಾರುಗೊಳಿಸುವುದು ಅದರ ಕೆಲಸ. 2019ರಲ್ಲಿ ಅವರು ತೀರಿಕೊಂಡರೂ ಆ ಕೆಲಸ ನಿಂತಿಲ್ಲ. ಆ ದೊಡ್ಡ ಶಾಲೆ ಸಿಗದಿದ್ದರೂ ಚಿಂತೆಯಿಲ್ಲ. ಪಿಯುಸಿಯ ಬಳಿಕ ಐದು ವರ್ಷದ, ಪದವಿಯ ಬಳಿಕ ಮೂರು ವರ್ಷದ ಕೋರ್ಸು ಹುಬ್ಬಳ್ಳಿಯ ಕಾನೂನು ವಿಶ್ವವಿದ್ಯಾಲಯದ ಅಧೀನದಲ್ಲಿ ರಾಜ್ಯದ ಅನೇಕ ನಗರಗಳಲ್ಲಿ ಸಿಗುತ್ತದೆ. ನಾವು ಹೇಳಿದ ಹುಡುಗಿ ಅಂತಹ ಒಂದು ಸಾಮಾನ್ಯ ಕಾಲೇಜಿನವಳೇ.

ಹಿರಿಯರೇ, ನಮ್ಮ ವಿನಂತಿ ಮೂರು. ಮೊದಲನೆಯದು, ಪ್ರತಿ ಜಮಾಅತ್ ವರ್ಷಕ್ಕೆ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಕಾನೂನು ಓದಿಸುವ ಹೊಣೆ ಹೊರಲಿ. ಝಕಾತ್‌ನ ಎಂಟು ಹಕ್ಕುದಾರರಲ್ಲಿ ಬಡವನೂ ಇದ್ದಾನೆ, ದಾರಿಹೋಕನೂ ಇದ್ದಾನೆ. ಬಡವರ ಮಗಳನ್ನು ಓದಿಸಿದರೆ ಆಕೆಯಿಂದ ದಾರಿಹೋಕನಿಗೂ ಆಸರೆಯಾದೀತು. ಎರಡನೆಯದು, ತಮ್ಮ ಮನೆಗಳಲ್ಲಿ ಬಾಡಿಗೆಗಿರುವ, ತಮ್ಮ ಶೆಡ್ಡುಗಳಲ್ಲಿ ದುಡಿಯುವ ಪರವೂರಿನವರಿಗೆ ಬಾಡಿಗೆ ಚೀಟಿ, ಸಂಬಳದ ಚೀಟಿ ಬರೆದುಕೊಡಿ. ನಮಗದು ಒಂದು ನಿಮಿಷದ ಕೆಲಸ. ಅವರಿಗೆ ನಾಳೆ ಅದೇ ಸಾಕ್ಷಿ.

ಮೂರನೆಯದು ಆ ಕೋಣೆ. ಭಾನುವಾರ ಬೆಳಿಗ್ಗೆ ಎರಡು ಗಂಟೆ. ಒಂದು ಮೇಜು, ನಾಲ್ಕು ಕುರ್ಚಿ, ಒಂದು ಜೆರಾಕ್ಸ್ ಯಂತ್ರ. ಬರುವವನ ಧರ್ಮವನ್ನು ಕೇಳಬೇಡಿ, ಭಾಷೆಯನ್ನು ಕೇಳಬೇಡಿ. ಒಡಿಶಾದ ಹಿಂದೂ ಬರಲಿ, ರಾಯಚೂರಿನ ದಲಿತ ಬರಲಿ, ಕಟಿಹಾರಿನ ಮುಸ್ಲಿಮ್ ಬರಲಿ. ಪೊಲೀಸರು ಕೇಳಿದರೆ, ಇಲ್ಲಿ ಅರ್ಜಿ ಬರೆಯುತ್ತಿದ್ದೇವೆ, ಬಂದು ನೋಡಿ ಎಂದು ಬಾಗಿಲು ತೆರೆದಿಡಿ. ಕಾನೂನಿನ ಕೆಲಸಕ್ಕೆ ಮುಚ್ಚಿದ ಬಾಗಿಲು ಬೇಕಿಲ್ಲ.

ಕಳೆದ ವರ್ಷ ನಾವು ಸುಮ್ಮನಿದ್ದೆವು. ಇಂದು ಈ ಧ್ವನಿವರ್ಧಕದ ಮುಂದೆ, ಆ ಸಮಿತಿಯ ಸದಸ್ಯರೂ ಇರುವ ಈ ಸಭೆಯಲ್ಲಿ, ಕೇಳಿಯೇಬಿಡುತ್ತೇವೆ: ಕೋಣೆಯನ್ನು ಕೊಡುವಿರಾ? ಉತ್ತರವನ್ನು ಚಪ್ಪಾಳೆಯಲ್ಲಿ ಕೊಡಬೇಡಿ. ಸಭೆ ಮುಗಿದ ಮೇಲೆ ಆ ಹುಡುಗಿಯ ತಂದೆ ಹೊರಗೆ ಚಪ್ಪಲಿಯ ಬಳಿ ನಿಂತಿರುತ್ತಾರೆ, ಬೀಗದ ಕೈಯನ್ನು ಅವರ ಕೈಗೆ ಕೊಡಿ.

ಅಲ್ಲಾಹನು ನಮ್ಮ ಮಕ್ಕಳಿಗೆ ಅರಿವನ್ನೂ ನಮಗೆ ಧೈರ್ಯವನ್ನೂ ಕರುಣಿಸಲಿ. ವಆಖಿರು ದಅ್‌ವಾನಾ ಅನಿಲ್ ಹಮ್ದುಲಿಲ್ಲಾಹಿ ರಬ್ಬಿಲ್ ಆಲಮೀನ್.